ಒಂಬತ್ತು ಮಾರು

ನಮ್ಮ ಅಪ್ಪಯ್ಯ ಕಡಲಿನ ಆಳವನ್ನು ಮೀಟರಿನಲ್ಲಿ ಹೇಳುವವರಲ್ಲ. ಮಾರಿನಲ್ಲಿ ಹೇಳುತ್ತಾರೆ. ಎರಡೂ ಕೈ ಚಾಚಿದರೆ ಒಂದು ಮಾರು, ಹತ್ತಿರ ಹತ್ತಿರ 1.8 ಮೀಟರ್. ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಇಳಿಬಿಟ್ಟು, ಮೇಲೆ ಎಳೆಯುವಾಗ ಮಾರು ಹಾಕಿ ಎಣಿಸಿ ಕಲಿತವರು. ಆಮೇಲೆ ಬೋಟಿಗೆ ಜಿಪಿಎಸ್ ಬಂತು, ಆಳ ತೋರಿಸುವ ಪರದೆ ಬಂತು. ಅವರ ಲೆಕ್ಕ ಮಾತ್ರ ಮಾರಿನಲ್ಲೇ ಉಳಿಯಿತು.

ಅವರು ಹುಟ್ಟಿದ್ದು ಗಂಗೊಳ್ಳಿ, ದುಡಿದದ್ದು ಮಲ್ಪೆ ಬಂದರು. ಕೊನೆಯ ಹದಿನೈದು ವರ್ಷ ತಾಂಡೇಲರಾಗಿದ್ದರು, ಅಂದರೆ ಬೋಟು ನಡೆಸುವ ಮುಖ್ಯಸ್ಥರು. ಈಗ ನಾವೆಲ್ಲ ಕೊಡವೂರಿನಲ್ಲಿದ್ದೇವೆ. ಚಿಕ್ಕವಳಿದ್ದಾಗ ನಾನು ಅವರ ಪಕ್ಕ ಕೂತು ಕಡಲಿನ ಕಥೆ ಕೇಳುತ್ತಿದ್ದೆ. ಗಾಳಿಯದ್ದು, ಸೆಳೆತದ್ದು, ಅಳಿವೆ ಬಾಗಿಲಲ್ಲಿ ದೋಣಿ ಮಗುಚಿದ್ದು, ಎಲ್ಲ ಹೇಳುತ್ತಿದ್ದರು. ಅಡಿಯಲ್ಲಿ ಏನಿದೆ ಎಂದು ಕೇಳಿದರೆ ಮಾತ್ರ ಒಂದೇ ಉತ್ತರ. "ಅಲ್ಲಿಗ್ ಹೋದರ್ ತಿರ್ಗಿ ಬಂದ್ ಹೇಳ್ಲಿಲ್ಲ ಮಗಾ."

2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟು 7 ಮಂದಿಯ ಜೊತೆ ಕಾಣೆಯಾಯಿತು. ನಮ್ಮ ಕಡೆಯವರು ಯಾರೂ ಆ ತಿಂಗಳುಗಳನ್ನು ಮರೆತಿಲ್ಲ. 2019ರ ಮೇ ತಿಂಗಳಲ್ಲಿ ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಹಡಗಿನವರು ಮಹಾರಾಷ್ಟ್ರದ ಮಾಲ್ವಣ್ ಕಡಲಿನಲ್ಲಿ ಅದನ್ನು ಪತ್ತೆ ಮಾಡಿದರು. ಆಳ ಸುಮಾರು 60 ಮೀಟರ್ ಎಂದು ಪೇಪರಿನಲ್ಲಿತ್ತು. ಅಪ್ಪಯ್ಯ ಪೇಪರ್ ಮಡಚಿಟ್ಟು, "ಮೂವತ್ಮೂರ್ ಮಾರು" ಅಂದರು. ಆ ದಿನ ಮತ್ತೆ ಮಾತಾಡಲಿಲ್ಲ.

ನನಗೆ 60 ಮೀಟರೂ ತಿಳಿಯಲಿಲ್ಲ, ಮೂವತ್ತಮೂರು ಮಾರೂ ತಿಳಿಯಲಿಲ್ಲ. ಬಂದರಿನ ಪಕ್ಕದಲ್ಲೇ ಬೆಳೆದಿದ್ದೇನೆ, ಆದರೆ ಆಳ ಅಂದರೆ ಏನೆಂದು ಗೊತ್ತಿಲ್ಲ. ಅದು ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿಯಿತು. ಡೈವಿಂಗ್ ಕಲಿಯಬೇಕು ಅನ್ನಿಸಿದ್ದು ಅಲ್ಲಿಂದ.

ಮೊದಲ ಸಲ ಹೋದದ್ದು ಸರಿಯಾಗಲಿಲ್ಲ. ಪ್ರವಾಸಿಗರನ್ನು ಕರೆದೊಯ್ಯುವ ಒಂದು ಬೋಟಿನಲ್ಲಿ ಹತ್ತು ನಿಮಿಷ ಪಾಠ ಹೇಳಿದರು, ಕೈ ಹಿಡಿದು ಕೆಳಗೆ ಎಳೆದುಕೊಂಡು ಹೋದರು. ಕಿವಿ ನೋಯುತ್ತಿದೆ ಎಂದು ಕೈಸನ್ನೆ ಮಾಡಿದೆ. ಅವರು ಫೋಟೊ ತೆಗೆಯುತ್ತಿದ್ದರು. ಒಂದು ವಾರ ಎಡಗಿವಿ ಕೇಳಲಿಲ್ಲ. ಯಾರಾದರೂ ಮೊದಲ ಸಲ ಹೋಗುವವರಿದ್ದರೆ ಇಷ್ಟು ಹೇಳುತ್ತೇನೆ. ಕಿವಿಯ ಬಗ್ಗೆ ಬಿಡಿಸಿ ಹೇಳದವರ ಜೊತೆ ನೀರಿಗೆ ಇಳಿಯಬೇಡಿ.

ಎರಡನೇ ಸಲ ಪೂರ್ತಿ ಕೋರ್ಸ್ ಮಾಡಲು ಹೊರಟೆ. ಮೊದಲು ಒಂದು ಆರೋಗ್ಯದ ಫಾರ್ಮ್. ದಮ್ಮು ಇದೆಯಾ, ಹೃದಯದ ತೊಂದರೆ ಇದೆಯಾ, ಕಿವಿಗೆ ಆಪರೇಷನ್ ಆಗಿದೆಯಾ ಎಂದೆಲ್ಲ ಕೇಳುತ್ತಾರೆ. ಉಡುಪಿಯಲ್ಲಿ ಕಿವಿ ಡಾಕ್ಟರಿಗೆ ತೋರಿಸಿ ಸಹಿ ಹಾಕಿಸಿಕೊಂಡೆ. ಆಮೇಲೆ ಎರಡು ಶನಿವಾರ-ಭಾನುವಾರ ಮಂಗಳೂರಿನ ಒಂದು ಈಜುಕೊಳದಲ್ಲಿ ಅಭ್ಯಾಸ. ಫೀಸು ಎಷ್ಟೆಂದು ಅಪ್ಪಯ್ಯ ಕೇಳಿದರು. ಹೇಳಿದೆ. "ಕಡ್ಲಡಿಗ್ ಹೋಪುಕೆ ದುಡ್ಡ್ ಕೊಡ್ಕಾ?" ಎಂದು ನಿಜವಾಗಿಯೂ ಆಶ್ಚರ್ಯಪಟ್ಟರು. ಅವರು ಬೇಡ ಅನ್ನಲಿಲ್ಲ. ಹೂಂ ಅಂತಲೂ ಅನ್ನಲಿಲ್ಲ.

ಕೊಳದಲ್ಲಿ ಕಲಿತದ್ದರಲ್ಲಿ ಎರಡು ವಿಷಯ ಮುಖ್ಯ. ಒಂದು, ಉಸಿರು. ನಮ್ಮ ಕಡೆ ಬಂಡೆಗಳಿಂದ ಪಚ್ಚಿಲೆ ಎಂಬ ಚಿಪ್ಪುಜೀವಿ ತೆಗೆಯುವವರು ಉಸಿರು ಕಟ್ಟಿ ಮುಳುಗುತ್ತಾರೆ. ಮುಳುಗುವುದು ಅಂದರೆ ಉಸಿರು ಕಟ್ಟುವುದು ಎಂದೇ ನನ್ನ ತಲೆಯಲ್ಲಿತ್ತು. ಸಿಲಿಂಡರ್ ಹೊತ್ತು ಮುಳುಗುವ ಸ್ಕೂಬಾದಲ್ಲಿ ಉಸಿರು ಕಟ್ಟುವುದೇ ದೊಡ್ಡ ತಪ್ಪು. 10 ಮೀಟರ್ ಕೆಳಗೆ ಒತ್ತಡ ಮೇಲಿನದಕ್ಕಿಂತ ಎರಡರಷ್ಟು ಇರುತ್ತದೆ. ಸಿಲಿಂಡರಿನ ಗಾಳಿಯೂ ಅದೇ ಒತ್ತಡದಲ್ಲಿ ನಮ್ಮ ಎದೆಗೆ ಬರುತ್ತದೆ. ಎದೆ ತುಂಬಿಕೊಂಡು ಬಾಯಿ ಬಿಗಿದು ಮೇಲೆ ಬಂದರೆ ಆ ಗಾಳಿ ಹಿಗ್ಗಿ ಎರಡರಷ್ಟಾಗುತ್ತದೆ, ಶ್ವಾಸಕೋಶ ಹರಿಯುತ್ತದೆ. ಪಚ್ಚಿಲೆ ತೆಗೆಯುವವರಿಗೆ ಈ ಭಯ ಇಲ್ಲ. ಅವರು ಮೇಲೆ ಎಳೆದುಕೊಂಡ ಗಾಳಿ ಕೆಳಗೆ ಕುಗ್ಗುತ್ತದೆ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ. ಈ ವ್ಯತ್ಯಾಸ ತಿಳಿದ ಮೇಲೆ ನನ್ನ ಉಸಿರು ತಾನಾಗಿ ನಿಧಾನ ಆಯಿತು. ಎಳೆದುಕೊಳ್ಳುವುದು, ಬಿಡುವುದು. ನಿಲ್ಲಿಸಬಾರದು, ಅಷ್ಟೇ.

ಎರಡನೆಯದು ಮಾಸ್ಕ್. ನೀರಿನೊಳಗೆ ಕೂತು ಮಾಸ್ಕಿಗೆ ನೀರು ತುಂಬಿಸಿಕೊಂಡು, ಮೇಲಂಚನ್ನು ಹಣೆಗೆ ಒತ್ತಿ ಹಿಡಿದು, ಮೂಗಿನಿಂದ ಊದಿ ಆ ನೀರನ್ನು ಹೊರಗೆ ಹಾಕಬೇಕು. ಹೇಳುವುದಕ್ಕೆ ಸುಲಭ. ಮೂಗಿನ ಹತ್ತಿರ ನೀರು ಬಂದ ಕೂಡಲೇ ಮೈಯೆಲ್ಲ ಮೇಲೆ ಓಡು ಅನ್ನುತ್ತದೆ. ನಾಲ್ಕು ಸಲ ಎದ್ದು ನಿಂತೆ. ಇನ್‌ಸ್ಟ್ರಕ್ಟರ್ ಹುಡುಗ ನನಗಿಂತ ಚಿಕ್ಕವನು. "ಅಕ್ಕಾ, ಬಾಯಲ್ಲಿ ಗಾಳಿ ಬರ್ತಾ ಉಂಟಲ್ಲ, ಮತ್ತೆ ಹೆದರಿಕೆ ಯಾಕೆ?" ಎಂದು ಮೆಲ್ಲಗೆ ಕೇಳಿದ. ಐದನೇ ಸಲ ಕಣ್ಣು ಮುಚ್ಚಿ, ಬಾಯಿಯ ಗಾಳಿಯ ಸದ್ದನ್ನೇ ಕೇಳುತ್ತಾ ಕೂತೆ. ನೀರು ಹೋಯಿತು. ಆ ಹುಡುಗನ ತಾಳ್ಮೆಗೆ ನಾನು ಇವತ್ತಿಗೂ ಋಣಿ.

ಕಡಲಿನ ಪರೀಕ್ಷೆ ಜನವರಿಯಲ್ಲಿ, ನೇತ್ರಾಣಿ ದ್ವೀಪದಲ್ಲಿ. ಉಡುಪಿಯಿಂದ ಮುರುಡೇಶ್ವರಕ್ಕೆ ಸುಮಾರು 100 ಕಿಲೋಮೀಟರ್. ಅಲ್ಲಿಂದ ಬೋಟಿನಲ್ಲಿ ಹೊರಗೆ 19 ಕಿಲೋಮೀಟರಿನಷ್ಟು ಹೋಗಬೇಕು. ಆ ಕಡೆಯ ಮೀನುಗಾರರಿಗೆ ನೇತ್ರಾಣಿ ಅಂದರೆ ಹರಕೆ ಒಪ್ಪಿಸುವ ಜಾಗ. ದಡದ ಹತ್ತಿರ ಹೊಳೆಗಳ ಮಣ್ಣು ಬಂದು ನೀರು ಕಲಕಿರುತ್ತದೆ, ಹೊರಗೆ ಹೋದ ಹಾಗೆ ತಿಳಿಯಾಗುತ್ತದೆ. ನಾಲ್ಕು ಡೈವ್ ಮಾಡಿದೆ. ನೀರು ಮನೆಯ ಬಚ್ಚಲಿನ ಹಾಗೆ ಬೆಚ್ಚಗಿತ್ತು. ಮೂಗು ಹಿಡಿದು ಮೆಲ್ಲಗೆ ಊದುತ್ತಾ, ಕಿವಿ ಬಿಟ್ಟುಕೊಂಡ ಮೇಲೆ ಒಂದು ಅಡಿ, ಮತ್ತೆ ಒಂದು ಅಡಿ ಇಳಿದೆ. ಬಂಡೆಯ ಸಂದಿನಲ್ಲಿ ಒಂದು ಮುರು ಮೀನು ಬಾಯಿ ತೆರೆದು ನೋಡುತ್ತಿತ್ತು. ಅದನ್ನು ನಾನು ಅದುವರೆಗೆ ಬುಟ್ಟಿಯಲ್ಲಿ ಮಾತ್ರ ನೋಡಿದ್ದೆ.

ಕೋರ್ಸ್ ಮುಗಿಸಿದ್ದಕ್ಕೆ ಡೈವರ್ ಕಾರ್ಡ್ ಸಿಕ್ಕಿತು. 18 ಮೀಟರ್ ತನಕ ಹೋಗಬಹುದು. ಅಪ್ಪಯ್ಯನಿಗೆ ಹೇಳಿದೆ. "ಹತ್ತ್ ಮಾರಾ? ಅದ್ ನಾವ್ ಬಲೆ ಬಿಡು ಜಾಗ" ಅಂದರು. ಆ ಹೊತ್ತಿಗೆ ನನಗೆ 60 ಮೀಟರ್ ಅಂದರೆ ಏನೆಂದು ಸ್ವಲ್ಪ ತಿಳಿದಿತ್ತು. ನಮ್ಮಂಥವರ ಡೈವಿಂಗಿಗೆ 40 ಮೀಟರ್ ಕೊನೆ. 30 ಮೀಟರಿನ ಸುಮಾರಿಗೇ ಸಾಮಾನ್ಯ ಗಾಳಿಯಲ್ಲಿರುವ ಸಾರಜನಕ ಅಮಲು ಹಿಡಿಸತೊಡಗುತ್ತದೆ, ಆಳಕ್ಕೆ ಹೋದಷ್ಟೂ ಅದು ಏರುತ್ತದೆ. 60ರಲ್ಲಿ ಒತ್ತಡ ಮೇಲಿನ ಏಳರಷ್ಟು. ಅಲ್ಲಿಗೆ ಹೋಗಿ ಆ ಬೋಟನ್ನು ಗುರುತಿಸಿದವರು ಎಷ್ಟು ಕಷ್ಟದ ಕೆಲಸ ಮಾಡಿದ್ದಾರೆ ಎಂದು ಆಗ ಅರ್ಥ ಆಯಿತು.

ಮುಳುಗಿದ ಹಡಗು ನೋಡುವ ಆಸೆ ನನಗೆ ಇತ್ತು, ಅದರ ಜೊತೆ ಅಂಜಿಕೆಯೂ ಇತ್ತು. ನಮ್ಮ ತೀರದಲ್ಲೂ ಮುಳುಗಿದ ಹಡಗುಗಳಿವೆ. 2007ರಲ್ಲಿ ಮಂಗಳೂರಿನ ಹೊರಗೆ ಎರಿಟ್ರಿಯಾದ 'ಡೆನ್ ಡೆನ್' ಮುಳುಗಿತು. 2022ರ ಜೂನ್‌ನಲ್ಲಿ ಉಳ್ಳಾಲದ ಹತ್ತಿರ ಸುರುಳಿ ಉಕ್ಕು ಹೊತ್ತಿದ್ದ 'ಪ್ರಿನ್ಸೆಸ್ ಮಿರಾಲ್' ನೆಲ ಕಚ್ಚಿತು. ಅದರಲ್ಲಿದ್ದ 15 ಮಂದಿ ಸಿರಿಯಾದವರನ್ನು ಕೋಸ್ಟ್ ಗಾರ್ಡ್‌ನವರು ಉಳಿಸಿದರು. ಅಪ್ಪಯ್ಯನಂಥವರಿಗೆ ಇವೆಲ್ಲ ಬಲೆ ಹರಿಯುವ ಜಾಗ, ಬಳಸಿಕೊಂಡು ಹೋಗಬೇಕಾದ ಜಾಗ. ನೋಡಲು ಹೋಗುವ ಜಾಗ ಅಲ್ಲ.

ನೋಡುವ ಅವಕಾಶ ಬಂದದ್ದು ದಕ್ಷಿಣ ಆಫ್ರಿಕಾದಲ್ಲಿ. ಅಕ್ಕ-ಭಾವ ಕೇಪ್ ಟೌನಿನಲ್ಲಿದ್ದಾರೆ. ಅಕ್ಕನ ಬಾಣಂತನಕ್ಕೆ ಅಮ್ಮನನ್ನು ಕರೆದುಕೊಂಡು ಜೂನ್ ತಿಂಗಳಲ್ಲಿ ಹೋದೆ. ಇಲ್ಲಿ ಮಳೆ, ಬೋಟುಗಳೆಲ್ಲ ಬಂದರಿನಲ್ಲಿ ಕಟ್ಟಿರುವ ಕಾಲ. ಅಲ್ಲಿ ಚಳಿಗಾಲ. ಫಾಲ್ಸ್ ಬೇ ಎಂಬ ದೊಡ್ಡ ಕೊಲ್ಲಿಯಲ್ಲಿ ನೀರು ತಿಳಿಯಾಗುವುದು ಆ ಚಳಿಗಾಲದಲ್ಲೇ. ನೀರಿನ ಬಿಸಿ 14 ಡಿಗ್ರಿ. ನಮ್ಮ ಕಡಲು 28ರ ಹತ್ತಿರ ಇರುತ್ತದೆ. ಅಕ್ಕನಿಗೆ ತಾಟೆ, ಅಂದರೆ ಶಾರ್ಕ್ ಮೀನಿನದ್ದೇ ಚಿಂತೆ. ದೊಡ್ಡ ಬಿಳಿ ತಾಟೆಗೆ ಆ ಕೊಲ್ಲಿ ಹಿಂದೆ ಹೆಸರಾಗಿತ್ತು, ಈಚಿನ ವರ್ಷಗಳಲ್ಲಿ ಅದು ಅಲ್ಲಿ ಕಾಣುವುದು ತೀರಾ ಕಡಿಮೆ. ಇಷ್ಟು ಹೇಳಿ ಒಪ್ಪಿಸಿದೆ.

ತಣ್ಣೀರಿನ ಡೈವಿಂಗ್ ಬೇರೆಯೇ ವಿದ್ಯೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಕಾವನ್ನು ಎಳೆಯುತ್ತದೆ. ಅದಕ್ಕೆ 7 ಮಿಲಿಮೀಟರ್ ದಪ್ಪದ ರಬ್ಬರಿನ ವೆಟ್‌ಸೂಟ್, ಅದರ ಮೇಲೆ ಇನ್ನೊಂದು ಅಂಗಿ, ತಲೆಗೆ ಹುಡ್, ಕೈಗವಸು, ಬೂಟು. ವೆಟ್‌ಸೂಟ್ ನೀರನ್ನು ತಡೆಯುವುದಿಲ್ಲ. ತೆಳುವಾಗಿ ಒಳಗೆ ಬಿಡುತ್ತದೆ, ಆ ನೀರನ್ನು ಮೈ ಬೆಚ್ಚಗೆ ಮಾಡುತ್ತದೆ, ಅದು ಹೊರಗೆ ಹೋಗಬಾರದು. ಆದ್ದರಿಂದ ಸೂಟು ಚರ್ಮಕ್ಕೆ ಅಂಟಿದ ಹಾಗೆ ಇರಬೇಕು. ಅದನ್ನು ಹಾಕಿಕೊಳ್ಳಲು ನನಗೆ ಇಪ್ಪತ್ತು ನಿಮಿಷ ಬೇಕಾಯಿತು. ಆ ರಬ್ಬರಿನೊಳಗೆಲ್ಲ ಸಣ್ಣ ಸಣ್ಣ ಗಾಳಿಗುಳ್ಳೆ, ಆದ್ದರಿಂದ ಅದು ಮುಳುಗುವುದಿಲ್ಲ. ಮುಳುಗಲು ನೇತ್ರಾಣಿಯಲ್ಲಿ 4 ಕಿಲೋ ಸೀಸ ಕಟ್ಟಿದ್ದೆ. ಇಲ್ಲಿ 12 ಕಿಲೋ. ಆಳಕ್ಕೆ ಹೋದಂತೆ ಆ ಗುಳ್ಳೆಗಳು ಒತ್ತಿಹೋಗಿ ಸೂಟು ತೆಳ್ಳಗಾಗುತ್ತದೆ. ಚಳಿ ಜಾಸ್ತಿ, ಭಾರವೂ ಜಾಸ್ತಿ.

ಗೈಡ್ ವಯಸ್ಸಾದವರು, ಮಾತು ಕಡಿಮೆ. ದಡದಲ್ಲಿ ನಿಲ್ಲಿಸಿ ಕೆಲ್ಪ್ ಎಂಬ ಎತ್ತರದ ಕಡಲ ಪಾಚಿಯ ಬಗ್ಗೆ ಹೇಳಿದರು. ಸಿಕ್ಕಿಕೊಂಡರೆ ಒದ್ದಾಡಬೇಡ, ಸುತ್ತ ತಿರುಗಬೇಡ, ತಿರುಗಿದರೆ ಸುತ್ತಿಕೊಳ್ಳುತ್ತದೆ. ನಿಂತುಕೋ. ಬಂದ ದಾರಿಯಲ್ಲೇ ಹಿಂದೆ ಸರಿ. ಬಿಡಲಿಲ್ಲವಾ, ಕಾಂಡವನ್ನು ಮಡಚಿ ಮುರಿ, ಎಳೆಯಬೇಡ. ಬಲೆಗೆ ಕಾಲು ಸಿಕ್ಕಿದರೆ ಏನು ಮಾಡಬೇಕು ಎಂದು ಅಪ್ಪಯ್ಯ ಹೇಳಿದ್ದೂ ಹೆಚ್ಚುಕಡಿಮೆ ಇದೇ.

ಮುಖ ನೀರಿಗೆ ಇಟ್ಟ ಕೂಡಲೇ ಹಣೆ ಸಿಡಿಯಿತು. ಐಸ್ ಕ್ಯಾಂಡಿಯನ್ನು ಗಬಕ್ಕನೆ ಕಚ್ಚಿದಾಗ ಆಗುತ್ತದಲ್ಲ, ಆ ನೋವು. ಉಸಿರು ತುಂಡು ತುಂಡಾಗಿ ಬರತೊಡಗಿತು. ಇದು ಮೈ ಮಾಡುವ ಕೆಲಸ, ಒಂದೆರಡು ನಿಮಿಷದಲ್ಲಿ ಇಳಿಯುತ್ತದೆ, ಅಲ್ಲಿಯವರೆಗೆ ಇಳಿಯಬೇಡ ಎಂದು ಗೈಡ್ ಮೊದಲೇ ಹೇಳಿದ್ದರು. ಮೇಲೆ ತೇಲುತ್ತಾ ಕಾದೆ. ಮಂಗಳೂರಿನ ಆ ಹುಡುಗನ ಮಾತು ನೆನಪಾಯಿತು. ಬಾಯಲ್ಲಿ ಗಾಳಿ ಬರ್ತಾ ಉಂಟಲ್ಲ. ಉಸಿರು ಉದ್ದ ಆಯಿತು. ತೇಲಿಸುವ ಜಾಕೆಟಿನ ಗಾಳಿ ಬಿಟ್ಟು ಇಳಿದೆ.

ಕೆಳಗೆ ಹೋಗಿ ತಲೆ ಎತ್ತಿದರೆ, ನಾನು ಅಡಿಕೆ ತೋಟದಲ್ಲಿ ನಿಂತಿದ್ದೆ.

ಬೇರೆ ಹೋಲಿಕೆ ನನಗೆ ಹೊಳೆಯಲಿಲ್ಲ. ಉದ್ದಕ್ಕೆ ನೇರ ಹೋಗುವ ಬೋಳು ಕಾಂಡಗಳು. ತುದಿಯಲ್ಲಿ ಮಾತ್ರ ಎಲೆಗಳ ಗೊಂಚಲು. ಎಲೆಗಳ ಸಂದಿನಿಂದ ಬಿಸಿಲು ಕೋಲು ಕೋಲಾಗಿ ಇಳಿಯುತ್ತಿತ್ತು. ಒಂದೇ ವ್ಯತ್ಯಾಸ, ಇಲ್ಲಿ ತೋಟವೇ ನಡೆಯುತ್ತದೆ. ಅಲೆ ಬಂದಾಗ ಎಲ್ಲ ಮರಗಳೂ ಒಟ್ಟಿಗೆ ದಡದ ಕಡೆ ವಾಲುತ್ತವೆ, ನಾನೂ ವಾಲುತ್ತೇನೆ. ಅಲೆ ಹಿಂದೆ ಹೋದಾಗ ಎಲ್ಲರೂ ಹಿಂದೆ. ಎದುರು ಈಜಿದರೆ ಸುಮ್ನೆ ಸುಸ್ತು. ಅಲೆ ಮುಂದೆ ತಳ್ಳುವಾಗ ಕಾಲು ಬಡಿದು, ಹಿಂದೆ ಎಳೆಯುವಾಗ ಸುಮ್ಮನಿರಬೇಕು.

ಅಲ್ಲಿಯವರು ಇದನ್ನು ಸೀ ಬ್ಯಾಂಬೂ ಅನ್ನುತ್ತಾರೆ, ಕಡಲ ಬಿದಿರು. ನಿಜಕ್ಕೂ ಇದು ಮರವೂ ಅಲ್ಲ, ಗಿಡವೂ ಅಲ್ಲ. ಕಂದು ಬಣ್ಣದ ಪಾಚಿಯ ಜಾತಿ. ಹತ್ತು ಮೀಟರಿಗಿಂತ ಎತ್ತರ ಬೆಳೆಯುತ್ತದೆ. ಕಾಂಡ ಟೊಳ್ಳು, ಒಳಗೆ ಗಾಳಿ. ತುದಿಯಲ್ಲಿ ಗಾಳಿ ತುಂಬಿದ ಗಡ್ಡೆ. ಆ ಗಾಳಿಯ ಬಲದಿಂದಲೇ ಅದು ನೆಟ್ಟಗೆ ನಿಲ್ಲುತ್ತದೆ. ಬೇರು ಕೂಡ ಬೇರಲ್ಲ. ಬೆರಳುಗಳ ಹಾಗೆ ಬಂಡೆಯನ್ನು ಹಿಡಿದುಕೊಳ್ಳುತ್ತದೆ ಅಷ್ಟೇ, ನೀರನ್ನೋ ಗೊಬ್ಬರವನ್ನೋ ಎಳೆದುಕೊಳ್ಳುವುದಿಲ್ಲ. ಬೇಕಾದ್ದನ್ನೆಲ್ಲ ಎಲೆಯೇ ಕಡಲ ನೀರಿನಿಂದ ತೆಗೆದುಕೊಳ್ಳುತ್ತದೆ. ಅದಕ್ಕೇ ಸಾರ ತುಂಬಿದ ತಣ್ಣನೆಯ ನೀರು ವರ್ಷವಿಡೀ ಬೇಕು.

ಆ ತಣ್ಣೀರು ಅಲ್ಲಿಗೆ ಬರುವ ಬಗೆ ನಮಗೂ ಹೊಸದಲ್ಲ. ಕೇಪ್‌ನ ಪಶ್ಚಿಮ ತೀರದಲ್ಲಿ ಬೇಸಿಗೆಯ ಗಾಳಿ ಮೇಲಿನ ನೀರನ್ನು ಹೊರಗೆ ತಳ್ಳುತ್ತದೆ. ಆ ಜಾಗಕ್ಕೆ ಅಡಿಯ ತಣ್ಣೀರು ಎದ್ದು ಬರುತ್ತದೆ, ಜೊತೆಗೆ ಮೀನಿನ ಮೇವಿಗೆ ಬೇಕಾದ ಸಾರವನ್ನೂ ತರುತ್ತದೆ. ನಮ್ಮ ಕರಾವಳಿಯಲ್ಲೂ ಮುಂಗಾರಿನ ತಿಂಗಳುಗಳಲ್ಲಿ ಅಡಿಯ ನೀರು ಮೇಲೆ ಬರುತ್ತದೆ. ಬೂತಾಯಿ, ಬಂಗುಡೆ ಮಳೆಯ ಹಿಂದೆಯೇ ದಡದ ಕಡೆ ಬರುವುದಕ್ಕೂ ಅದಕ್ಕೂ ಸಂಬಂಧ ಇದೆ. ಆದರೆ ನಮ್ಮಲ್ಲಿ ಅದು ಕೆಲವೇ ತಿಂಗಳು. ಮತ್ತೆ ನೀರು ಬೆಚ್ಚಗಾಗುತ್ತದೆ. ಕೆಲ್ಪ್‌ಗೆ ಅದು ಸಾಲದು.

ಎರಡನೇ ದಿನ ಹಡಗು. ಸೈಮನ್ಸ್ ಟೌನ್ ಊರಿನ ಪಕ್ಕ, ದಡದಿಂದ ಕೂಗಳತೆಯಲ್ಲೇ 'ಕ್ಲಾನ್ ಸ್ಟುವರ್ಟ್' ಬಿದ್ದಿದೆ. ಕಲ್ಲಿದ್ದಲು ತಂದಿದ್ದ ಬ್ರಿಟಿಷ್ ಉಗಿಹಡಗು. 1914ರ ನವೆಂಬರಿನಲ್ಲಿ ಆಗ್ನೇಯದ ಬಿರುಗಾಳಿಗೆ ಲಂಗರು ಜಾರಿ ದಡಕ್ಕೆ ಬಿತ್ತು. ಅದರ ಇಂಜಿನ್ನಿನ ತಲೆ ಇವತ್ತಿಗೂ ನೀರಿನ ಮೇಲೆ ಕಾಣುತ್ತದೆ. ಆಳ ಜಾಸ್ತಿ ಇಲ್ಲ, ಹತ್ತು ಮೀಟರಿನೊಳಗೆ. ಅದೇ ಕೊಲ್ಲಿಯಲ್ಲಿ ಇನ್ನೂ ದಕ್ಷಿಣಕ್ಕೆ, ಸ್ಮಿಟ್ಸ್‌ವಿಂಕಲ್ ಎಂಬಲ್ಲಿ ಬೇಕೆಂದೇ ಮುಳುಗಿಸಿದ ಐದು ಹಡಗುಗಳಿವೆ. ಅವು 30 ಮೀಟರಿಗಿಂತ ಕೆಳಗೆ, ನನ್ನ ಕಾರ್ಡಿಗೆ ಅಲ್ಲ. ಹೋಗೋಣವಾ ಎಂದು ನಾನು ಕೇಳಲೂ ಇಲ್ಲ. ಹತ್ತು ಮಾರು ಅಂದರೆ ಹತ್ತು ಮಾರು.

ನನ್ನ ಮನಸ್ಸಿನಲ್ಲಿದ್ದದ್ದು ಪೂರ್ತಿ ಹಡಗು. ಅಲ್ಲಿ ಕಂಡದ್ದು ಚೆಲ್ಲಿಬಿದ್ದ ತಗಡುಗಳು, ಪಕ್ಕೆಲುಬಿನ ಹಾಗೆ ಎದ್ದ ಕಬ್ಬಿಣ, ಬಾಯ್ಲರು. ನೂರು ವರ್ಷದ ಅಲೆಗೆ ಇಷ್ಟು ಉಳಿದದ್ದೇ ಹೆಚ್ಚು. ತಗಡಿನ ಮೇಲೆಲ್ಲ ಕೆಲ್ಪ್ ಬೆರಳೂರಿ ನಿಂತಿದೆ. ಅದಕ್ಕೆ ಬಂಡೆಯೂ ಒಂದೇ, ಕಬ್ಬಿಣವೂ ಒಂದೇ. ಕಡಲ ಮುಳ್ಳುಚೆಂಡುಗಳು, ಕೆಂಪು ಕಿತ್ತಳೆ ಬಣ್ಣದ ಹೂವಿನಂಥ ಪ್ರಾಣಿಗಳು. ಬೆನ್ನಿಗೆ ಬಿಳಿ ಪಟ್ಟೆ ಇರುವ ಕೆಂಪು ಮೀನೊಂದು ಬಾಯ್ಲರಿನಿಂದ ಹೊರಗೆ ಬಂದು ನಮ್ಮ ಹಿಂದೆಯೇ ಬಂತು. ಅದರ ಹೆಸರು ರೋಮನ್, ಅದು ಆಫ್ರಿಕಾದ ದಕ್ಷಿಣ ತೀರದಲ್ಲಿ ಮಾತ್ರ ಇರುವ ಮೀನು. ಒಂದು ತಗಡಿನ ಕೆಳಗೆ ಮೊಣಕೈ ಉದ್ದದ ಸಣ್ಣ ತಾಟೆ ಮಲಗಿತ್ತು. ನಮ್ಮನ್ನು ಕಂಡು ಉಂಗುರದ ಹಾಗೆ ಸುತ್ತಿಕೊಂಡು ಬಾಲದಿಂದ ಕಣ್ಣು ಮುಚ್ಚಿಕೊಂಡಿತು. ಶೈಶಾರ್ಕ್ ಎಂಬ ಹೆಸರು ಬಂದದ್ದೇ ಈ ನಾಚಿಕೆಯಿಂದ. ನಾವು ಹಿಂದೆ ಸರಿದೆವು.

ಒಂದು ಕಡೆ ಕಬ್ಬಿಣಕ್ಕೆ ಗಾಳದ ನೂಲು ಸುತ್ತಿಕೊಂಡಿತ್ತು. ಗೈಡ್ ಚೂರಿ ತೆಗೆದು ಕತ್ತರಿಸಿ ಚೀಲಕ್ಕೆ ಹಾಕಿಕೊಂಡರು. ಇನ್ನೊಂದು ತುದಿ ಹಿಡಿಯಲು ನನಗೆ ಸನ್ನೆ ಮಾಡಿದರು. ಹಿಡಿದೆ. ಬೆರಳು ಮರಗಟ್ಟಿತ್ತು, ನೂಲು ಕೈಯಲ್ಲಿದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಬಾಯ್ಲರಿನ ಮುಂದೆ ತೇಲುತ್ತಾ ಅದನ್ನು ಹಿಡಿದುಕೊಂಡಿದ್ದಾಗ ನನ್ನ ಅಂಜಿಕೆ ಹೋಗಿರುವುದು ಗಮನಕ್ಕೆ ಬಂತು. ಅಲ್ಲಿ ಕತ್ತಲೆ ಇರಲಿಲ್ಲ. ಅಷ್ಟು ಜೀವ ತುಂಬಿದ ಜಾಗವನ್ನು ನಾನು ಬೇರೆಲ್ಲೂ ನೋಡಿಲ್ಲ.

38 ನಿಮಿಷಕ್ಕೆ ಹಲ್ಲು ಕಡಿಯತೊಡಗಿತು. ಚಳಿಗೆ ಗಾಳಿಯೂ ಬೇಗ ಖರ್ಚಾಗುತ್ತದೆ. 5 ಮೀಟರಿನಲ್ಲಿ ಮೂರು ನಿಮಿಷ ನಿಂತು ಮೇಲೆ ಬಂದೆವು. ದಡದಲ್ಲಿ ಭಾವ ಫ್ಲಾಸ್ಕಿನಲ್ಲಿ ಶುಂಠಿ ಕಷಾಯ ಹಿಡಿದು ನಿಂತಿದ್ದರು. ಲೋಟ ಹಿಡಿಯಲು ನನ್ನ ಕೈ ಕೇಳಲಿಲ್ಲ, ಅವರೇ ಕುಡಿಸಿದರು.

ಜುಲೈಯಲ್ಲಿ ವಾಪಸು ಬಂದೆ. ಉಡುಪಿಯಲ್ಲಿ ಎಡೆಬಿಡದ ಮಳೆ. ಅಪ್ಪಯ್ಯ ಜಗಲಿಯಲ್ಲಿ ಕೂತಿದ್ದರು. ಗೈಡ್ ಕಳಿಸಿದ್ದ ವಿಡಿಯೊವನ್ನು ಫೋನಿನಲ್ಲಿ ಹಾಕಿ ಕೊಟ್ಟೆ. ಕೆಲ್ಪ್ ಕಾಡು ನೋಡಿ ಏನೂ ಹೇಳಲಿಲ್ಲ. ಹಡಗು ಬಂದಾಗ ಕನ್ನಡಕ ಏರಿಸಿದರು. "ಇದ್ ಇಂಜಿನ್ನಾ?" ಹೌದು, ಉಗಿ ಇಂಜಿನ್ ಅಂದೆ. "ಇನ್ನೊಂದ್ ಸಲ ಹಾಕ್." ಹಾಕಿದೆ. ಬಾಯ್ಲರಿನಿಂದ ಕೆಂಪು ಮೀನು ಬರುವಲ್ಲಿ ನಿಲ್ಲಿಸಲು ಹೇಳಿದರು. ತುಂಬಾ ಹೊತ್ತು ಅದನ್ನೇ ನೋಡಿದರು.

ಆಮೇಲೆ ನಾನು ಕೇಳದೆಯೇ ಹೇಳಿದರು. ನಾನು ಹುಟ್ಟುವುದಕ್ಕಿಂತ ಮೊದಲಿನ ಮಾತು. ಗಂಗೊಳ್ಳಿಯ ಹೊರಗೆ ಅವರ ದೊಡ್ಡಪ್ಪನ ದೋಣಿ ಮುಳುಗಿತ್ತು. ಮರದ ದೋಣಿ, ಹೊಸ ಇಂಜಿನ್. ಜನ ಬದುಕಿದರು. ದೋಣಿ ಹೋದ ಮೇಲೆ ದೊಡ್ಡಪ್ಪ ಮತ್ತೆ ಕಡಲಿಗೆ ಇಳಿಯಲಿಲ್ಲ. ಆ ಜಾಗಕ್ಕೆ ಬಲೆ ಬಿಟ್ಟರೆ ಸಿಕ್ಕಿಕೊಳ್ಳುತ್ತದೆ, ಎಲ್ಲರೂ ಬಳಸಿಕೊಂಡು ಹೋಗುತ್ತಾರೆ. ಇಷ್ಟು ವರ್ಷದಲ್ಲಿ ಈ ದೋಣಿಯ ಹೆಸರನ್ನು ನಾನು ಮನೆಯಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಚಾದ ಲೋಟವನ್ನು ಜಗಲಿಯ ಮೇಲೆ ಇಟ್ಟು, "ಇದ್ ಕೊಡಚಾದ್ರಿ" ಅಂದರು. ಬೆಂಕಿಪೊಟ್ಟಣವನ್ನು ಇನ್ನೊಂದು ಗುರುತಿಗೆ ಇಟ್ಟರು. ಇದು ಇದರ ನೇರಕ್ಕೆ ಬಂದಾಗ, ಅದು ಅದರ ನೇರಕ್ಕೆ ಬಂದಾಗ, ಅಲ್ಲಿ. ಮೀನುಗಾರರ ಗುರುತು ಅವರ ಸೊತ್ತು, ಅದನ್ನು ಇಲ್ಲಿ ಬರೆಯುವುದಿಲ್ಲ.

"ಆಳ ಎಷ್ಟು ಅಪ್ಪಯ್ಯ?"

ಹಗ್ಗ ಎಳೆಯುವವರ ಹಾಗೆ ಎರಡೂ ಕೈ ಚಾಚಿದರು. ತುಟಿ ಅಲ್ಲಾಡುತ್ತಿತ್ತು.

"ಒಂಬತ್ ಮಾರು" ಅಂದರು. "ಮಳೆ ಬಿಡ್ಲಿ."